ಮೊಲಕ್ಕೆ ದನಿಯಾದ ಕ್ಯಾಸೆಟ್ ಕಾಕಾ

ಈಗ ಮೊಮ್ಮಗನ ಮೊಬೈಲಿನಲ್ಲಿ ಕಾರ್ಟೂನ್ ಪ್ರಾಣಿಗಳೆಲ್ಲ ಕನ್ನಡ ಮಾತಾಡುತ್ತವೆ. ನಾನು ಚಿಕ್ಕವಳಿದ್ದಾಗ ರಾಯಬಾಗದಲ್ಲಿ ಅವುಗಳಿಗೆ ಕ್ಯಾಸೆಟ್ ಅಂಗಡಿಯ ಕಾಕಾನೇ ಬಾಯಿ. ಕಡ್ಡಿಯಂಥ ಮನುಷ್ಯ. ಬಾಡಿಗೆಯ ಕಾರ್ಟೂನ್ ಕ್ಯಾಸೆಟ್ಟು, ವಿಸಿಆರ್ ಹೊತ್ತು ಮನೆಗೆ ಬರುತ್ತಿದ್ದರು. ಇಂಗ್ಲಿಷ್ ನಮಗೆ ತಿಳಿಯದೆಂದು ಟಿವಿಯ ದನಿ ಇಳಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಎಲ್ಲರ ಮಾತನ್ನೂ ತಾವೇ ಆಡುತ್ತಿದ್ದರು.

ಒಮ್ಮೆ ತೋಳ ಮೊಲದ ಬೆನ್ನು ಹತ್ತಿದಾಗಲೇ ಕರೆಂಟು ಹೋಯಿತು.

"ಮೊಲ ಸಾಯತೈತೇನ್ರಿ ಕಾಕಾ?" ತಂಗಿ ಅತ್ತಳು.

"ತಡಿ ಯವ್ವಾ, ಇನ್ನೂ ಮುಗದಿಲ್ಲ." ಟೇಪು ಸಿಕ್ಕಿಕೊಂಡಾಗಲೂ ಅವರದು ಅದೇ ಮಾತು.

ಆರಿದ ಟಿವಿಯ ಮುಂದೆ ಕೂತೇ ಕಾಕಾ ಮಾತಿನಲ್ಲೇ ಮೊಲವನ್ನು ಕಬ್ಬಿನ ಹೊಲಕ್ಕೆ ನುಗ್ಗಿಸಿದರು, ದಿಗ್ಗೇವಾಡಿಯ ಹತ್ತಿರ ಕೃಷ್ಣಾ ನದಿ ದಾಟಿಸಿದರು. ದಂಡೆಯಲ್ಲಿ ತೋಳ ತೇಕುವುದು ನನ್ನ ಕಣ್ಣಿಗೆ ಕಂಡೇಬಿಟ್ಟಿತು.

ಕರೆಂಟು ಬಂದು ಕ್ಯಾಸೆಟ್ ಮತ್ತೆ ಓಡಿತು. ಟಿವಿಯಲ್ಲಿ ತೋಳ ಮೊಲದ ಕಿವಿ ಹಿಡಿದಿತ್ತು.

ತಂಗಿ ಎದ್ದು ನಿಂತಳು. "ಕಾಕಾ, ಟಿವಿ ಸುಳ್ಳ ಹೇಳಾಕತ್ತೈತಿ. ಬಂದ್ ಮಾಡ್ರಿ."