ಅಳಿಸಿದ ಹೆಸರು ಓಗೊಟ್ಟ ರಾತ್ರಿ

ಅಂದು ನಾನು ನಿಜವಾಗಿ ಏನು ಕೇಳಿದೆ ಎಂದು ಪ್ರಮಾಣ ಮಾಡಿ ಹೇಳಲಾರೆ. ಹೆದರಿದ ಮನಸ್ಸು ಆಮೇಲೆ ಎಷ್ಟೋ ಸೇರಿಸಿಕೊಳ್ಳುತ್ತದೆ. ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಿದ ನನಗೆ ಅಷ್ಟಾದರೂ ಗೊತ್ತು. ಆದರೆ ಇದು ನಡೆದದ್ದಂತೂ ಹೌದು. ಜೋಯಿಡಾ ಕಡೆ, ಕಾಳಿ ಹೊಳೆಯ ದಂಡೆಯಲ್ಲಿ ನಾನು ಕೆಲಸಕ್ಕಿದ್ದ ರಾಫ್ಟಿಂಗ್ ಕ್ಯಾಂಪಿನಲ್ಲಿ.

ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಅಲ್ಲಿ ಹೊಳೆ ಏರುತ್ತದೆ. ಅದಕ್ಕೆ ಮುಂಚೆ ಕೆಲಸದವರೆಲ್ಲ ಮೇಲೆ ಬಂದಿದ್ದಾರೆಯೇ ಎಂದು ತಿಳಿಯಲು ಹಾಜರಿ ಕೂಗುತ್ತಿದ್ದೆವು. ಗಂಟಲು ಹರಿದುಕೊಳ್ಳುವುದು ಬೇಡವೆಂದು ನಾನು ಅದಕ್ಕೊಂದು ವೆಬ್ ಪುಟ ಮಾಡಿದ್ದೆ. ಹೆಸರುಗಳು ಒಂದು ಅರೇಯಲ್ಲಿ ಇರುತ್ತಿದ್ದವು. ಅರೇ ಅಂದರೆ ಅಂಕಿ ಹಚ್ಚಿ ಸಾಲಾಗಿ ನಿಲ್ಲಿಸಿದ ಮನೆಗಳಿದ್ದಂತೆ. ಫಾರ್‌ಈಚ್ ಎಂಬ ಸಿದ್ಧ ಮೆಥಡ್, ಅಂದರೆ ಮೊದಲೇ ಬರೆದಿಟ್ಟ ಅಪ್ಪಣೆ, ಮನೆಯಿಂದ ಮನೆಗೆ ಹೋಗಿ ಹೆಸರು ಎತ್ತಿಕೊಡುತ್ತಿತ್ತು. ಸ್ಪೀಕರಿನಲ್ಲಿ ಒಂದು ಹೆಣ್ಣುದನಿ ಅದನ್ನು ಕೂಗುತ್ತಿತ್ತು. ಉತ್ತರಕ್ಕೆ ತುಸು ಬಿಡುವು, ಆಮೇಲೆ ಮುಂದಿನ ಹೆಸರು.

“ಸರ, ನಿಮ್ಮ ಡಬ್ಬಿ ನನ್ನ ಹೆಸರು ಕೋರ್ಟಿನ್ಯಾಗ ಕರದಂಗ ಕರೀತೈತಿ ನೋಡ್ರಿ,” ಎಂದು ದೋಣಿ ನಡೆಸುವ ಪರಶುರಾಮ ಗೇಲಿ ಮಾಡುತ್ತಿದ್ದ. “ಜಾಮೀನು ಕೊಡಾಕ ನಮ್ಮತ್ತಿನ್ನ ಕರಸಬೇಕಾಗ್ತೈತಿ!”

ಅವತ್ತು ಮಧ್ಯಾಹ್ನ ಸಾಂಬ್ರಾಣಿ ಹಳ್ಳಿಯ ಮಲ್ಲಪ್ಪ ಊರಿಗೆ ಹೊರಟೆನೆಂದ. ದೋಣಿ, ಹಗ್ಗ ನೋಡಿಕೊಳ್ಳುವವನು. ಅವನ ಹೆಂಡತಿ ಗಂಗವ್ವ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವಳು. ಅವಳು ಇಲ್ಲೇ ಉಳಿದಳು. ನಾನು ಅವಸರದಲ್ಲಿ ಅರೇಯಲ್ಲಿದ್ದ ಅವನ ಹೆಸರಿಗೆ ಡಿಲೀಟ್ ಹಾಕಿದೆ. ಸ್ಪ್ಲೈಸ್ ಎಂಬ ಮೆಥಡ್ ಬಳಸಿದ್ದರೆ ಹಿಂದಿನವರು ಮುಂದೆ ಸರಿದು ಸಾಲು ಕೂಡಿಕೊಳ್ಳುತ್ತಿತ್ತು. ಡಿಲೀಟ್ ಹಾಗಲ್ಲ. ಹೆಸರು ಹೋಗುತ್ತದೆ... ಮನೆ ಖಾಲಿ ಉಳಿಯುತ್ತದೆ.

ಕತ್ತಲಾಯಿತು. ನೀರು ಬಿಡುವ ಸೈರನ್ ಕೂಗಿ ನಿಂತಿತು. ಹೊಳೆಯ ಮೊರೆತ ಆಗಲೇ ದಪ್ಪವಾಗುತ್ತಿತ್ತು. ಕೆಲಸದವರು ಅಂಗಳದಲ್ಲಿ ಸೇರಿದ್ದರು; ನಾನು ಆಫೀಸಿನ ಕುರ್ಚಿಯಲ್ಲಿ ಕುಳಿತು ಹಾಜರಿ ಶುರುಮಾಡಿದೆ.

“ಪರಶುರಾಮ.”

“ಅದೀನ್ರಿ!”

ಆಮೇಲೆ ಸ್ಪೀಕರ್ ಸುಮ್ಮನಾಯಿತು.

ಆ ಮೌನಕ್ಕೆ ಕಾರಣವಿದೆ. ಖಾಲಿ ಮನೆಯನ್ನು ಫಾರ್‌ಈಚ್ ದಾಟಿ ಹೋಗುತ್ತದೆ. ಆದರೆ ಯಾವ ಹೆಸರನ್ನು ಯಾವ ಹೊತ್ತಿಗೆ ಕೂಗಬೇಕೆಂಬುದನ್ನು ನಾನು ಮನೆಯ ಅಂಕಿಯಿಂದ ಲೆಕ್ಕ ಹಾಕಿಸಿದ್ದೆ. ಹಾಗಾಗಿ ಮಲ್ಲಪ್ಪನ ಸರದಿಯಲ್ಲಿ ಹೆಸರಿಲ್ಲದೆ ಬರೀ ಬಿಡುವು ಬಂತು. ಅಷ್ಟು ನನಗೆ ಕುಳಿತಲ್ಲೇ ಹೊಳೆಯಿತು. ನಗು ಕೂಡ ಬಂತು.

ಆಗ ಕತ್ತಲೊಳಗಿಂದ...

“ಅದೀನ್ರಿ...”

ಗೊಗ್ಗರು ದನಿ. ನಿಧಾನ. ನೆನೆದ ಹಗ್ಗದ ಮುಗ್ಗಲು ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು.

“ಗಂಗವ್ವ,” ಎಂದಿತು ಸ್ಪೀಕರ್. ಯಾರೂ ಓಗೊಡಲಿಲ್ಲ. ಅಡುಗೆಮನೆಯ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಅವಳು ಹಿಟ್ಟಿನ ಕೈಯಲ್ಲೇ ಆಫೀಸಿನ ಬಾಗಿಲಿಗೆ ಬಂದು ನಿಂತಿದ್ದಳು.

“ಸರ... ಅದು ಅವರ ದನಿ.”

“ಅಂವ ಊರಿಗೆ ಹೋಗ್ಯಾನಲ್ಲವಾ. ನಾನ ಹೆಸರ ತಗದೇನಿ.”

“ಹೆಸರು ನೀವು ತಗದ್ರಿ. ಮನಷ್ಯಾ ಊರು ಮುಟ್ಟಿದ್ರ ಫೋನ್ ಮಾಡ್ತಿದ್ರು. ಇನ್ನಾ ಮಾಡಿಲ್ಲ.”

ನಾನು ಅಂಗಳಕ್ಕೆ ತಿರುಗಿದೆ. “ಪರಶ್ಯಾ, ಚೇಷ್ಟಿ ಮಾಡಬ್ಯಾಡ. ನೀನ ಎರಡ ಸಲ ಅಂದೆ ಹೌದಿಲ್ಲೋ?”

ಪರಶುರಾಮನ ಮುಖದಲ್ಲಿ ನಗೆಯಿರಲಿಲ್ಲ. “ನಾ ಒಮ್ಮೆ ಅಂದೇನ್ರಿ ಸರ. ಎರಡನೇದು... ನನ್ನ ಬೆನ್ನ ಹಿಂದಿಂದ ಬಂತು.”

ಅವನ ಬೆನ್ನ ಹಿಂದೆ ಹೊಳೆಗೆ ಇಳಿಯುವ ಇಳಿಜಾರು. ಅಲ್ಲಿ ಯಾರೂ ಇರಲಿಲ್ಲ.

ಪ್ರತಿಧ್ವನಿ ಇರಬೇಕು ಎಂದೆ. ಇನ್ನೊಮ್ಮೆ ಓಡಿಸಿ ತೋರಿಸುತ್ತೇನೆಂದು ಕೀಬೋರ್ಡಿಗೆ ಕೈ ಚಾಚಿದೆ. ಗಂಗವ್ವ ನನ್ನ ಮುಂಗೈ ಹಿಡಿದಳು. ಹಿಟ್ಟು ತಣ್ಣಗಿತ್ತು.

“ನೀರು ಏರಾಕತ್ತೈತ್ರಿ. ಡಬ್ಬಿ ಬಿಡ್ರಿ, ಬ್ಯಾಟರಿ ಹಿಡೀರಿ. ಹೋಗೂಣು!”

ಮೂವರೂ ದಂಡೆಗುಂಟ ಓಡಿದೆವು. “ಶಿವನ... ಶಿವನ...” ಎಂದು ಅವಳು ಬಿಕ್ಕುತ್ತಿದ್ದಳು. ದೋಣಿ ಕಟ್ಟುವ ಜಾಗ ದಾಟಿ, ಹೊಳೆ ತಿರುಗುವಲ್ಲಿ, ಬ್ಯಾಟರಿ ಬೆಳಕಿಗೆ ಮೊದಲು ಒಂದು ಹಗ್ಗ ಕಂಡಿತು. ಅದರ ಆಚೆ ಎರಡು ಬಂಡೆಗಳ ಸಂದಿಯಲ್ಲಿ ಮಲ್ಲಪ್ಪ. ಕಾಲು ಸಿಕ್ಕಿಕೊಂಡಿತ್ತು. ತಲೆಗೆ ಪೆಟ್ಟು. ಪ್ರಜ್ಞೆ ಇರಲಿಲ್ಲ. ನೀರು ಎದೆಗೆ ಬಂದಿತ್ತು.

ಪರಶುರಾಮ ನೀರಿಗೆ ಧುಮುಕಿದ. ಹೇಗೆ ಎಳೆದೆವೋ ನೆನಪಿಲ್ಲ. ನೆನಪಿರುವುದು ಒಂದೇ: ದಂಡೆಗೆ ತಂದು ಮಲಗಿಸಿ ತಿರುಗಿ ನೋಡಿದಾಗ, ಆ ಬಂಡೆಗಳು ಕಾಣಲಿಲ್ಲ.

ದಾಂಡೇಲಿಯ ಆಸ್ಪತ್ರೆಯಲ್ಲಿ ಮಲ್ಲಪ್ಪನಿಗೆ ಎಚ್ಚರವಾಯಿತು. “ಬಸ್ಸಿಗೆ ಹೊಂಟಾಂವ ಹಗ್ಗ ಕಟ್ಟಿಲ್ಲಂತ ತಿರುಗಿ ಬಂದೆ. ಕಾಲು ಜಾರ್ತು. ಮುಂದಿಂದು ಏನೂ ಗೊತ್ತಿಲ್ರಿ,” ಎಂದ. ಕೂಗಿದೆಯಾ ಎಂದು ಕೇಳಿದೆ. ನನ್ನನ್ನೇ ನೋಡಿದ. “ಯಾರ್ನ ಕೂಗ್ಲಿ ಸರ? ಬಿದ್ದದ್ದಷ್ಟ ನೆನಪೈತಿ.”

ಗಂಗವ್ವನಿಗೆ ಅನುಮಾನವಿಲ್ಲ, ದೇವರು ಓಗೊಡಿಸಿದ ಎನ್ನುತ್ತಾಳೆ. ನನಗೆ ಹಾಗೆ ನಂಬಿ ನೆಮ್ಮದಿಯಾಗಿ ನಿದ್ದೆ ಮಾಡಲು ಆಗುವುದಿಲ್ಲ. ಅರೆ ಎಚ್ಚರದಲ್ಲಿ ಅವನೇ ಒಮ್ಮೆ ನರಳಿರಬೇಕು, ಗಾಳಿ ಅದನ್ನು ಹೊತ್ತು ತಂದಿರಬೇಕು, ಕಾದಿದ್ದ ಕಿವಿ ಉಳಿದದ್ದನ್ನು ತುಂಬಿಕೊಂಡಿರಬೇಕು... ಎಷ್ಟೋ ರಾತ್ರಿ ಹೀಗೆ ನನಗೆ ನಾನೇ ವಾದಿಸಿದೆ.

ಕೊನೆಗೆ ಒಂದು ಸಂಜೆ, ನೀರು ಬಿಟ್ಟು ಹೊಳೆ ಏರುತ್ತಿದ್ದಾಗ, ಪರಶುರಾಮನನ್ನು ಮಲ್ಲಪ್ಪ ಸಿಕ್ಕ ಆ ತಿರುವಿನ ದಂಡೆಯ ಮೇಲೆ ನಿಲ್ಲಿಸಿದೆ. ನಾನು ಅಂದಿನಂತೆಯೇ ಆಫೀಸಿನ ಕುರ್ಚಿಯಲ್ಲಿ ಕುಳಿತು, ಫೋನಿನಲ್ಲಿ “ಹೂಂ, ಕೂಗು” ಎಂದು ಹೇಳಿ ಕಟ್ ಮಾಡಿದೆ. ಅವನು ಗಂಟಲು ಬೀಳುವವರೆಗೂ ಕೂಗಿದನಂತೆ.

ನನಗೆ ನೀರಿನ ಮೊರೆತ ಬಿಟ್ಟರೆ ಏನೂ ಕೇಳಲಿಲ್ಲ.