ಶಾಲೆ ತೆರೆದ ದಿನ ಹಳ್ಳ ಬಂದಿತ್ತು

ಶಾಲೆ ತೆರೆಯುವ ಹಿಂದಿನ ದಿನ ಲಿಂಗಸುಗೂರಿನಿಂದ ಆಯಿ ಬರಬೇಕು, ಅವಳು ತಂದ ಚೀಲ ಹಾಕಿಕೊಂಡೇ ಮರುದಿನ ನಾವು ಶಾಲೆಗೆ ಹೋಗಬೇಕು. ಸಿಂಧನೂರಿನ ನಮ್ಮ ಮನೆಯಲ್ಲಿ ಹೀಗೇ ನಡೆದುಕೊಂಡು ಬಂದಿತ್ತು. ಆಯಿ ಎಂದರೆ ಅಪ್ಪನ ತಾಯಿ. ದೊಡ್ಡಪ್ಪನ ಮನೆಯಲ್ಲಿ ಇರುತ್ತಿದ್ದ ಅವಳು ಬೇಸಿಗೆಯೆಲ್ಲ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು. ಕೌದಿಗೆ ಹಾಕಿ ಉಳಿದ ತುಂಡುಗಳನ್ನು ಜೋಡಿಸಿ ನಮಗೆ ಪಾಟಿ ಚೀಲ ಮಾಡುತ್ತಿದ್ದಳು. ಹಳೆಯ ಸೀರೆ, ಹರಿದ ಅಂಗಿ, ಕುಪ್ಪಸದ ತೋಳು, ಧೋತರದ ಅಂಚು, ಮನೆಮಂದಿಯೆಲ್ಲರ ಬಟ್ಟೆ ಅದರಲ್ಲಿ ಸೇರಿರುತ್ತಿತ್ತು.

ಅವಳು ಬಂದ ಸಂಜೆ ನಮಗೆ ಹಬ್ಬ. ಅವ್ವ ಮಂಡಾಳ, ಅಂದರೆ ಮಂಡಕ್ಕಿಯ, ಒಗ್ಗರಣೆ ಮಾಡಿ, ಮಿರ್ಚಿ ಭಜಿ ಕರಿದು ನಡುವೆ ಇಡುತ್ತಿದ್ದಳು. ಆಯಿ ಚೀಲದ ಒಂದೊಂದು ತುಂಡಿನ ಮೇಲೆ ಬೆರಳಿಟ್ಟು, "ಇದು ಯಾರ್ದು?" ಎಂದು ಕೇಳುವಳು. ಸರಿಯಾಗಿ ಹೇಳಿದವರಿಗೆ ಭಜಿ. ತಪ್ಪಿದವರು ಎದ್ದು ನಿಂತು ಮಗ್ಗಿ ಹೇಳಬೇಕು. ದೊಡ್ಡವರಿಗೂ ರಿಯಾಯಿತಿ ಇರಲಿಲ್ಲ. ರೈಸ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಅಪ್ಪನೂ ಕೈಕಟ್ಟಿ ನಿಂತು ಮಗ್ಗಿ ಹೇಳುವುದನ್ನು ನೋಡಿ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ವರ್ಷ ನಾನು ಎಂಟನೆಯ ತರಗತಿಗೆ, ಹೊಸ ಹೈಸ್ಕೂಲಿಗೆ ಹೋಗಬೇಕಿತ್ತು. ತಂಗಿ ಮೊದಲ ಸಲ ಶಾಲೆಯ ಮೆಟ್ಟಿಲು ಹತ್ತುವವಳಿದ್ದಳು. ನನ್ನ ಗೆಳತಿಯರೆಲ್ಲ ಬೇರೆ ಶಾಲೆಗೆ ಹೆಸರು ಹಚ್ಚಿಸಿದ್ದರಿಂದ ವಾರದಿಂದಲೇ ನನಗೆ ಅಲ್ಲಿಗೆ ಹೋಗುವ ಮನಸ್ಸಿರಲಿಲ್ಲ. ಆಯಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಅವಳು ಬರಬೇಕಿದ್ದ ದಿನ ಮಧ್ಯಾಹ್ನ ಪಶ್ಚಿಮದ ಕಡೆ ಮೋಡ ಕಪ್ಪಾಗಿ ರೋಹಿಣಿ ಮಳೆ ಜೋರಾಗಿ ಹೊಡೆಯಿತು. ಬಸ್‌ಸ್ಟ್ಯಾಂಡಿಗೆ ಹೋಗಿದ್ದ ಅಪ್ಪ ಸಂಜೆ ಒಬ್ಬನೇ ತಿರುಗಿ ಬಂದ.

"ಮಸ್ಕಿ ಹಳ್ಳ ತುಂಬಿ ಬಂದೈತಂತ. ಲಿಂಗಸುಗೂರು ಕಡಿ ಬಸ್ಸು ಒಂದೂ ಬಂದಿಲ್ಲ," ಎಂದ. "ಅಣ್ಣ ಆಕೀನ ಬಿಟ್ಟಿರಂಗಿಲ್ಲ. ಮಳಿ ನೋಡಿ ನಿಲ್ಸಿರ್ತಾನ."

"ಅತ್ತಿ ಯಾರ ಮಾತು ಕೇಳ್ತಾರ?" ಎಂದಳು ಅವ್ವ.

ಅಪ್ಪ ಮಿಲ್ಲಿಗೆ ಹೋಗಿ ಫೋನು ಮಾಡಲು ನೋಡಿದ. ಮಳೆಗೆ ಲೈನು ಕೆಟ್ಟಿತ್ತು. ನೆನೆಸಿಟ್ಟ ಮಂಡಾಳನ್ನು ಅವ್ವ ಸುಮ್ಮನೆ ಒಗ್ಗರಣೆ ಹಾಕಿ ಕೊಟ್ಟಳು. ಯಾರೂ ಸರಿಯಾಗಿ ತಿನ್ನಲಿಲ್ಲ.

ಬೆಳಿಗ್ಗೆ ಸುದ್ದಿ ಇನ್ನೂ ಕೆಟ್ಟದಾಗಿತ್ತು. ಒಂದು ಬಸ್ಸು ಹಳ್ಳಕ್ಕೆ ಇಳಿದು ಸಿಕ್ಕಿಕೊಂಡಿದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಂದಿ ಮಾತಾಡುತ್ತಿದ್ದರಂತೆ. ಯಾವ ಬಸ್ಸು, ಕಣ್ಣಾರೆ ಕಂಡವರು ಯಾರು, ಒಬ್ಬರಿಗೂ ಗೊತ್ತಿರಲಿಲ್ಲ. ಮಿಲ್ಲಿನ ಲಾರಿಯೊಂದು ಮಸ್ಕಿ ಕಡೆ ಹೊರಟಿತ್ತು. ಅಪ್ಪ ಅದನ್ನು ಹತ್ತುವ ಮೊದಲು ಮನೆಗೆ ಬಂದು ಅವ್ವನಿಗೆ ಹೇಳಿದ: "ಫಿಕರ್ ಮಾಡಬ್ಯಾಡ. ಹುಡುಗ್ರನ್ನ ಸಾಲಿಗೆ ಕಳಸು."

ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಯಿಯ ಚೀಲ ಇಲ್ಲದೆ ಹೋದರೆ ಅಕ್ಷರ ತಲೆಗೆ ಹತ್ತುವುದಿಲ್ಲ ಎಂದು ಆಯಿಯೇ ತಮಾಷೆಗೆ ಹೇಳಿದ್ದನ್ನು ಅವಳು ನಿಜವೆಂದೇ ನಂಬಿದ್ದಳು. ಅವ್ವ ಅವಳನ್ನು ಸೊಂಟದ ಮೇಲೆ ಹೊತ್ತು ಹೋಗಿ ಶಾಲೆಗೆ ಬಿಟ್ಟುಬಂದಳು. ನಾನು ಹೋದ ವರ್ಷದ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಒಬ್ಬಳೇ ಹೈಸ್ಕೂಲಿಗೆ ನಡೆದೆ.

ಹೈಸ್ಕೂಲು ಮಸ್ಕಿ ರಸ್ತೆಯ ಮೇಲೇ ಇತ್ತು. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು, ಬರುವ ಲಾರಿ, ಜೀಪುಗಳನ್ನೆಲ್ಲ ನೋಡುತ್ತಿದ್ದೆ. ಹಾಜರಿ ಕರೆಯುವಾಗ ಸರ್ ನನ್ನ ಹೆಸರನ್ನು ಮತ್ತೊಮ್ಮೆ ಗಟ್ಟಿಯಾಗಿ ಕೂಗಬೇಕಾಯಿತು. ಹುಡುಗಿಯರು ತಿರುಗಿ ನೋಡಿದರು. ಕಣ್ಣಲ್ಲಿ ನೀರು ಬಂದರೆ ಏನು ಹೇಳಲಿ ಎಂಬ ಭಯಕ್ಕೆ ತುಟಿ ಕಚ್ಚಿಕೊಂಡು ಕೂತೆ.

ಊಟದ ಬಿಡುವಿಗೆ ಇನ್ನೂ ಹೊತ್ತಿತ್ತು. ಬಾಗಿಲ ಹತ್ತಿರ ಪರಿಚಯದ ದನಿ ಕೇಳಿಸಿತು.

"ಸಾಹೇಬ್ರ, ನನ್ನ ಮೊಮ್ಮಗಳು ಇಲ್ಲೇ ಅದಾಳೇನ್ರಿ? ಆಕಿ ಚೀಲ ಕೊಟ್ಟು ಹೋಗ್ತೀನ್ರಿ."

ಆಯಿ ನಿಂತಿದ್ದಳು. ಸೀರೆ ಮೊಣಕಾಲಿನವರೆಗೆ ಕೆಸರು, ಬಗಲಲ್ಲಿ ಗಂಟು. ನಾನು ಬೆಂಚು ದಾಟಿ ಓಡಿ ಅವಳ ಸೊಂಟ ಅಪ್ಪಿಕೊಂಡೆ.

"ಯಾಕಳ್ತಿ? ಹಳ್ಳದ ದಂಡಿಗೆ ಬಸ್ಸು ನಿಂತಿತ್ತು. ಮಸ್ಕ್ಯಾಗ ಒಂದು ಬಟ್ಟಿ ಅಂಗಡಿ ಕಟ್ಟಿ ಮ್ಯಾಲ ಎಲ್ಲಾರೂ ಕುಂತ್ವಿ. ಮುಂಜಾನಿ ನೀರು ಇಳಿದ ಮ್ಯಾಲ ಕೈ ಕೈ ಹಿಡಕೊಂಡು ದಾಟಿ, ಟ್ರ್ಯಾಕ್ಟರ್ ಹತ್ತಿ ಬಂದೆ."

"ಅಪ್ಪ ಎಲ್ಲಿ?"

"ನಿಮ್ಮಪ್ಪ? ಮಿಲ್ಲಿಗೆ ಹೋಗಿರ್ತಾನ."

"ನಿನ್ನ ಹುಡುಕಾಕ ಮಸ್ಕಿಗೆ ಹೋಗ್ಯಾನ, ಆಯಿ."

ಅವಳ ಮುಖದ ನಗು ಆರಿಹೋಯಿತು. ಅವಳ ಟ್ರ್ಯಾಕ್ಟರು, ಅಪ್ಪನ ಲಾರಿ ದಾರಿಯಲ್ಲಿ ಎಲ್ಲೋ ಎದುರುಬದುರಾಗಿ ಹೋಗಿದ್ದವು. ಸರ್ ನನ್ನನ್ನು ಅವಳ ಜೊತೆ ಮನೆಗೆ ಕಳಿಸಿದರು.

ಅವ್ವ ಅತ್ತೆಯನ್ನು ಕಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಬಿಸಿನೀರು ಕಾಯಿಸಿದಳು, ರೊಟ್ಟಿ ಬಡಿದಳು. ಆಯಿ ತಾಟು ಮುಟ್ಟಲಿಲ್ಲ. ಮಧ್ಯಾಹ್ನ ಪಶ್ಚಿಮಕ್ಕೆ ಮತ್ತೆ ಮೋಡ ಕಟ್ಟಿತು. ಆಯಿ ಬಾಗಿಲಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದಳು.

"ಅಂವಗ ಈಜು ಬರಂಗಿಲ್ಲ," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದಳು. ಶಾಲೆಯಿಂದ ಬಂದ ತಂಗಿ ಹೊಸ ಚೀಲ ಸಿಕ್ಕ ಖುಷಿಗೆ ಅಂಗಳದಲ್ಲಿ ಕುಣಿಯುತ್ತಿದ್ದಳು. ಅವಳನ್ನು ಸುಮ್ಮನಿರಿಸುವಷ್ಟು ತ್ರಾಣವೂ ನಮ್ಮಲ್ಲಿ ಉಳಿದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಹೊಸಿಲ ಹೊರಗೇ ನಿಂತು ಆಯಿಯನ್ನು ನೋಡಿದ, ಒಳಗೆ ಕಾಲಿಡಲಿಲ್ಲ.

"ಬಂದಿದ್ದರ ಮಿಲ್ಲಿಗೆ ಒಂದು ಮಾತು ಹೇಳಿ ಕಳಸಬಾರ್ದೇನು, ಯವ್ವಾ?" ಎಂದ. ಹೇಳಿ ಕಳಿಸಿದ್ದರೂ ಅದು ಅವನಿಗೆ ತಲುಪುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆಯಿ ತಲೆ ತಗ್ಗಿಸಿದಳು. ಅವನು ಹಿತ್ತಲಿನಿಂದ ಹೋಗಿ ಬಚ್ಚಲು ಸೇರಿ ತಂಬಿಗೆಯಿಂದ ನೀರು ಹಾಕಿಕೊಳ್ಳುತ್ತಲೇ ಇದ್ದ. ಬಾ ಎಂದು ಕರೆಯಲು ಯಾರಿಗೂ ಧೈರ್ಯವಾಗಲಿಲ್ಲ.

ಅವನು ಆ ದಿನ ಎಲ್ಲೆಲ್ಲಿ ಹೋಗಿದ್ದ ಎಂಬುದು ಮುಂದೆ ಅವ್ವನಿಂದ ತಿಳಿಯಿತು. ಹಳ್ಳ ದಾಟಿ ಮಸ್ಕಿಯಲ್ಲಿ ಕೇಳಿ, ಸಿಗದೆ, ಲಿಂಗಸುಗೂರಿಗೇ ಹೋಗಿದ್ದ. "ಆಕಿ ನಿನ್ನೇನ ಹೋಗ್ಯಾಳಲ್ಲೋ," ಎಂದು ದೊಡ್ಡಪ್ಪ ಹೇಳಿದಾಗ ನಿಂತ ಕಾಲಲ್ಲೇ ತಿರುಗಿ ಬಂದು, ಹಳ್ಳದ ದಂಡೆ ಹಿಡಿದು ಕೆಳಗಿನವರೆಗೆ ಜಾಲಿಗಿಡಗಳ ನಡುವೆ ನೋಡುತ್ತ ನಡೆದಿದ್ದ.

ಆ ಸಂಜೆ ಚೀಲದ ಆಟ ಆಗಲಿಲ್ಲ. ಆಯಿ ಮಗನ ಎದುರು ಕೂತು, ಅವನು ಉಂಡ ಮೇಲೆ ತಾನು ಉಂಡಳು.

ಮರುದಿನ ತರಗತಿಗೆ ಹೋದಾಗ ಪಕ್ಕದ ಬೆಂಚಿನ ಹುಡುಗಿ ಮೆಲ್ಲಗೆ, "ನಿಮ್ಮ ಆಯಿ ಇವತ್ತೂ ಬರ್ತಾಳೇನು?" ಎಂದು ಕೇಳಿದಳು. ಅವಳು ತುರ್ವಿಹಾಳದಿಂದ ದಿನಾ ಬಸ್ಸಿಗೆ ಬರುವವಳು, ಅವಳಿಗೂ ಅಲ್ಲಿ ಯಾರೂ ಗುರುತಿರಲಿಲ್ಲ. ಸರಿದು ನನಗೆ ಜಾಗ ಕೊಟ್ಟಳು.

ಮುಂದಿನ ವರ್ಷದಿಂದ, ಮಳೆಗೆ ಇನ್ನೂ ಬಹಳ ದಿನ ಇರುವಾಗಲೇ ಅಪ್ಪ ಹೋಗಿ ಆಯಿಯನ್ನು ಕರೆದುಕೊಂಡು ಬರತೊಡಗಿದ. ಚೀಲಗಳನ್ನು ಅವಳು ನಮ್ಮ ಮನೆಯಲ್ಲೇ, ನಮ್ಮ ಕಣ್ಣೆದುರೇ ಹೊಲಿಯುತ್ತಿದ್ದಳು. ಯಾವ ತುಂಡು ಯಾರದೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ಆದರೂ ಸಂಜೆಗೆ ಭಜಿ ಕರಿದು, ಏನೂ ತಿಳಿಯದವರ ಹಾಗೆ ಯೋಚಿಸಿ ಯೋಚಿಸಿ ಉತ್ತರ ಕೊಡುತ್ತಿದ್ದೆವು. "ಇಷ್ಟು ಜಲ್ದಿ ಯಾಕ ಕರಕೊಂಡು ಬರ್ತಿ? ನೀರು ನನಗೇನು ಮಾಡ್ತೈತಿ?" ಎಂದು ಆಯಿ ಪ್ರತಿ ಸಲ ತಕರಾರು ಮಾಡುತ್ತಿದ್ದಳಂತೆ. ಅಪ್ಪ ಅವಳ ಗಂಟು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಮುಂದೆ ನಡೆಯುತ್ತಿದ್ದನಂತೆ.