ಮರಾಠಿ ಬಲ್ಲ ಸದಸ್ಯೆ

ಆ ತಪಾಸಣಾ ಸಮಿತಿಗೆ ನನ್ನನ್ನು ಸೇರಿಸಿಕೊಂಡದ್ದು ನನಗೆ ಮರಾಠಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ನನ್ನ ತವರು ಮಿರಜದ ಕಡೆ. ಮದುವೆಯಾಗಿ ರಬಕವಿಗೆ ಬಂದವಳು, ಇಲ್ಲಿಯ ಸರಕಾರಿ ಶಾಲೆಯಲ್ಲಿ ಟೀಚರ್ ಆಗಿ ಇಪ್ಪತ್ತು ವರ್ಷ ದಾಟಿತ್ತು.

ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳು ಶುರುವಾದರೆ ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗುಗಳು ನಮ್ಮ ಕಡೆ ಬರುತ್ತವೆ. ಅವರ ಮಕ್ಕಳು ಹೊಲದಲ್ಲಿ ಉಳಿಯಬಾರದೆಂದು ಆ ವರ್ಷ ಬನಹಟ್ಟಿಯ ಹೊರಗೆ ಒಂದು ವಸತಿ ಕೇಂದ್ರ ತೆರೆದರು. ಅದನ್ನು ನಡೆಸುವ ಗುತ್ತಿಗೆ ಒಬ್ಬ ಖಾಸಗಿಯವನಿಗೆ ಸಿಕ್ಕಿತ್ತು. ಕಟ್ಟಡ ಮೊದಲು ಪಾವರ್‌ಲೂಮ್ ಶೆಡ್ಡು. ಮಗ್ಗ ಕಿತ್ತ ಜಾಗದಲ್ಲಿ ಎಣ್ಣೆಯ ಕಲೆ ಹಾಗೇ ಉಳಿದಿತ್ತು. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಇನ್ನೂ ನಡೆಯುತ್ತಿದ್ದುದರಿಂದ ಮಾತಾಡಬೇಕಾದರೆ ದನಿ ಏರಿಸಬೇಕಿತ್ತು.

ತಿಂಗಳಿಗೊಮ್ಮೆ ಅಧಿಕಾರಿಯೊಬ್ಬರ ಜೊತೆ ನಾನು ಹೋಗಿ ನೋಡಿ ಬರಬೇಕು. ಹಿಂದಿನ ದಿನವೇ ಗುತ್ತಿಗೆದಾರನಿಗೆ ಫೋನ್ ಹೋಗುತ್ತಿತ್ತು. ಬೀಗರ ಮನೆಗೆ ಹೇಳಿ ಹೋಗುವ ಹಾಗೆ ಅದು ನಮಗೆ ಸಹಜವೇ ಅನಿಸಿತ್ತು.

ಮೊದಲ ಸಲ ಹೋದಾಗ ತಾಟುಗಳಿಗೆ ಅಂಗಡಿಯ ಸ್ಟಿಕ್ಕರ್‌ಗಳು ಅಂಟಿಕೊಂಡೇ ಇದ್ದವು. ಮಕ್ಕಳು ತಲೆಗೆ ಎಣ್ಣೆ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದರು.

"ಹೊಟ್ಟಿ ತುಂಬ ಊಟ ಕೊಡ್ತಾರೇನಂತ ಕೇಳ್ರಿ ಟೀಚರ್," ಅಂದರು ಅಧಿಕಾರಿ, ಕೈಯಲ್ಲಿನ ನಮೂನೆ ನೋಡುತ್ತ.

ಹತ್ತು ವರ್ಷದ ಒಬ್ಬ ಹುಡುಗಿಯನ್ನು ಕೇಳಿದೆ. ಅವಳ ತೊಡೆಯ ಮೇಲೆ ಪುಟ್ಟ ತಂಗಿ ಮಲಗಿದ್ದಳು. "ಇವತ್ತು ಕೊಟ್ಟರು," ಅಂದಳು ಮರಾಠಿಯಲ್ಲಿ.

ನಾನು ಅಧಿಕಾರಿಯ ಕಡೆ ತಿರುಗಿ, "ಕೊಡ್ತಾರಂತ್ರಿ," ಅಂದೆ.

ಹಾಗೆ ಹೇಳೆಂದು ಯಾರೂ ನನಗೆ ಹೇಳಿರಲಿಲ್ಲ. ಹೆದರಿಕೆಯೂ ಇರಲಿಲ್ಲ. ಮಧ್ಯಾಹ್ನ ಮೂರಾಗಿತ್ತು, ಇನ್ನೂ ಬಹಳ ಪ್ರಶ್ನೆಗಳಿದ್ದವು, ಅಷ್ಟೇ. ಅವರು ಟಿಕ್ ಹಾಕಿದರು. ಚಹಾ ಬಂತು, ಕುಡಿದೆವು.

ಹದಿನೈದು ದಿನಗಳ ಮೇಲೆ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಒಬ್ಬಳೇ ಹೋದೆ. ತಪ್ಪು ತಿದ್ದಿಕೊಳ್ಳಲು ಹೋದೆ ಎಂದರೆ ಸುಳ್ಳಾದೀತು. ಅತ್ತೆಯ ಕನ್ನಡಕ ತರಲು ಆ ಕಡೆ ಹೋಗಿದ್ದೆ. ಶೆಡ್ಡಿನ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿತ್ತು. ಕಿಟಕಿಯ ಸರಳಿನ ಹಿಂದೆ ಅದೇ ಹುಡುಗಿ ನಿಂತಿದ್ದಳು.

ವಾರ್ಡನ್ ಸಂತೆಗೆ ಹೋಗಿದ್ದಾಳೆ, ಅಡುಗೆಯವಳು ನಿನ್ನೆಯಿಂದ ಬಂದಿಲ್ಲ, ತಂಗಿಗೆ ಜ್ವರ, ನೀರಿನ ಟಾಕಿ ಹೊರಗಿದೆ ಎಂದಳು. ಒಂದೊಂದನ್ನೂ ನಾನು ಕೇಳಿದ ಮೇಲೆ ಹೇಳಿದಳು. ನನ್ನ ಬಾಟಲಿ ಸರಳುಗಳ ನಡುವೆ ತೂರಲಿಲ್ಲ. ಅವಳು ಒಳಗಿನಿಂದ ಚರಿಗೆ ಹಿಡಿದಳು, ನಾನು ಹೊರಗಿನಿಂದ ನೀರು ಸುರಿದೆ. ಅರ್ಧ ಗೋಡೆಗೆ ಇಳಿದುಹೋಯಿತು.

ವಾರ್ಡನ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅಧಿಕಾರಿಯೂ ಎತ್ತಲಿಲ್ಲ. ಮೆಟ್ಟಿಲ ಮೇಲೆ ಕೂತೆ.

"ಅವತ್ತು ಜೀಪಿನಲ್ಲಿ ಬಂದಿದ್ದವರು ನೀವೇ ಅಲ್ಲವಾ?" ಎಂದು ಹುಡುಗಿ ಕೇಳಿದಳು. "ನಾನು ಹೇಳಿದ್ದನ್ನು ಅವರಿಗೆ ಏನಂತ ಹೇಳಿದಿರಿ?"

"ಊಟ ಕೊಡುತ್ತಾರೆ ಅಂತ."

"ಹೂಂ," ಅಂದಳು. ಸಿಟ್ಟು ಮಾಡಲಿಲ್ಲ. ನೀರು ಕುಡಿಸಲು ತಂಗಿಯ ಹತ್ತಿರ ಹೋದಳು.

ಒಂದು ತಾಸಿನ ಮೇಲೆ ವಾರ್ಡನ್ ಎರಡೂ ಕೈಯಲ್ಲಿ ಕಾಯಿಪಲ್ಲೆಯ ಚೀಲ ಹಿಡಿದು ಬಂದಳು. "ಹೇಳಿ ಬರಬೇಕಿಲ್ರಿ ಬಾಯಾರ? ಹುಡುಗ್ರು ಅವ್ವನ್ನ ನೆನಸಿ ಓಡಿ ಹೊಕ್ಕಾವು. ರಸ್ತಾದಾಗ ಬರೇ ಕಬ್ಬಿನ ಟ್ರ್ಯಾಕ್ಟರ್. ಏನರ ಆದ್ರ ಯಾರು ಜವಾಬ್ದಾರ್ರಿ? ನಾ ಒಬ್ಬಾಕಿ ಏನೇನ್ ಮಾಡ್ಲಿ?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಸಣ್ಣವಳನ್ನು ಇಬ್ಬರೂ ಸೇರಿ ಸರಕಾರಿ ದವಾಖಾನೆಗೆ ಕರೆದೊಯ್ದೆವು. ಎರಡು ದಿನಕ್ಕೆ ಜ್ವರ ಇಳಿಯಿತು.

ಸೋಮವಾರ ವರದಿ ಬರೆದೆ. ಕೀಲಿಯ ಸಂಗತಿ ಬರೆದೆ, ನಾನು ತಪ್ಪಾಗಿ ಹೇಳಿದ ಮಾತನ್ನೂ ಬರೆದೆ. ಅಧಿಕಾರಿ ಪೂರ್ತಿ ಓದಿ ಕನ್ನಡಕ ತೆಗೆದರು.

"ಇದನ್ನ ಕಳಿಸಿದ್ರ ಮ್ಯಾಲಿನವರು ಸುಧಾರಸ್ರಿ ಅನ್ನಂಗಿಲ್ರಿ ಟೀಚರ್, ಮುಚ್ಚರಿ ಅಂತಾರ. ಆಮ್ಯಾಲ ಹುಡುಗ್ರು ಎಲ್ಲಿ ಹೋಗಬೇಕು?"

"ಅದನ್ನ ನೀವು ಬರೀರಿ ಸಾಹೇಬ್ರ. ನಾ ಕಂಡದ್ದು ಬರದೇನಿ."

ಅವರೂ ಬರೆದರು, ಎರಡನ್ನೂ ಕಳಿಸಿದರು. ಎಂಟು ದಿನದಲ್ಲಿ ಕೇಂದ್ರ ಮುಚ್ಚಿತು. ಮಕ್ಕಳನ್ನು ಟೆಂಪೋದಲ್ಲಿ ಕೂರಿಸಿ ಅವರವರ ಗುಡಿಸಲುಗಳಿಗೆ ಬಿಟ್ಟು ಬಂದರು. ನನಗೆ ಅದು ಗೊತ್ತಾದದ್ದು ಮರುದಿನ.

ಆ ಹುಡುಗಿಯ ಗ್ಯಾಂಗು ಬೀಳಗಿ ರಸ್ತೆಯ ಒಂದು ಹೊಲದಲ್ಲಿತ್ತು. ಹೋದೆ. ತಾಯಿ ಕಬ್ಬಿನ ಹೊರೆ ಕಟ್ಟುತ್ತಿದ್ದಳು, ಹುಡುಗಿ ಕಬ್ಬು ಆರಿಸಿ ಕೊಡುತ್ತಿದ್ದಳು. ತಂಗಿ ಗಾಡಿಯ ನೆರಳಲ್ಲಿ ಮಲಗಿದ್ದಳು. ನಾನು ಯಾರೆಂದು ಹೇಳಿದೆ. ತಾಯಿ ಕೈ ನಿಲ್ಲಿಸಲಿಲ್ಲ.

"ಕೀಲಿ ಹಾಕುವುದು ನನಗೆ ಗೊತ್ತಿತ್ತು," ಅಂದಳು ಮರಾಠಿಯಲ್ಲಿ. "ಕೀಲಿ ಇದೆ ಅಂತಲೇ ನಾನು ಇಲ್ಲಿ ಚಿಂತೆಯಿಲ್ಲದೆ ಕಡಿಯುತ್ತಿದ್ದೆ."

ತಂದಿದ್ದ ಬಿಸ್ಕಿಟ್ ಪುಡಿಕೆಯನ್ನು ಹುಡುಗಿಗೆ ಕೊಟ್ಟೆ. ತಾಯಿಯ ಮುಖ ನೋಡಿ ತೆಗೆದುಕೊಂಡಳು. ರಸ್ತೆಗೆ ಬಂದು ನಿಂತೆ. ಜಮಖಂಡಿಯ ಬಸ್ಸು ಬಂತು, ಹತ್ತಿದೆ. ಮನೆಗೆ ಬಂದು ಅಡುಗೆ ಮಾಡಿ ಎಲ್ಲರಿಗೂ ಬಡಿಸಿ ನಾನೂ ಉಂಡೆ.

ಮರುವರ್ಷ ಅದೇ ಶೆಡ್ಡನ್ನು ಬೇರೆ ಗುತ್ತಿಗೆದಾರನಿಗೆ ಕೊಟ್ಟರು. ವಾರ್ಡನ್ ಅವಳೇ, ಈಗ ಅವಳ ಜೊತೆ ಇನ್ನೊಬ್ಬಳಿದ್ದಾಳೆ. ಹಗಲು ಬಾಗಿಲು ತೆರೆದಿರುತ್ತದೆ, ಗೇಟಿನ ಹತ್ತಿರ ಒಬ್ಬ ಮುದುಕ ಕಾವಲಿದ್ದಾನೆ. ಸಮಿತಿಗೆ ಮತ್ತೆ ಕರೆದರು, ಹೋಗುತ್ತಿದ್ದೇನೆ. ಆ ಗ್ಯಾಂಗು ಈ ಸಲ ಕೊಲ್ಲಾಪುರದ ಕಡೆ ಹೋಯಿತಂತೆ. ಅಲ್ಲಿ ಇಂಥ ಕೇಂದ್ರ ಇದೆಯೋ ಇಲ್ಲವೋ, ನಾನು ವಿಚಾರಿಸಿಲ್ಲ.